ಸಿ ಪ್ರೋಗ್ರಾಮಿನಿಂದ ಕಾಗದದವರೆಗೆ: ಗಣಕ ಮುದ್ರಣದಲ್ಲಿ ಕನ್ನಡ ಅಕ್ಷರದ ಹೊಣೆ

1. ಪ್ರವೇಶ

ಸಿ ಭಾಷೆಯನ್ನು ಕಲಿಯಲು ತೊಡಗಿದವರು ಮೊದಲ ದಿನವೇ ಪರಿಚಯ ಮಾಡಿಕೊಳ್ಳುವ ಫಂಕ್ಷನ್ನಿನ ಹೆಸರು ಪ್ರಿಂಟ್‌ಎಫ್. ಹೆಸರಿನಲ್ಲಿ ಮುದ್ರಣವಿದೆ, ಆದರೆ ಅಕ್ಷರಗಳು ಮೂಡುವುದು ಪರದೆಯ ಮೇಲೆ. ಈ ಹೆಸರು 1970ರ ದಶಕದ ಒಂದು ನೆನಪು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡೆನಿಸ್ ರಿಚಿ ಅವರು 1972ರ ಸುಮಾರಿಗೆ ಸಿ ಭಾಷೆಯನ್ನು ರೂಪಿಸಿದಾಗ ಯೂನಿಕ್ಸ್ ಬಳಸುವವರ ಮುಂದೆ ಸಾಮಾನ್ಯವಾಗಿ ಇರುತ್ತಿದ್ದುದು ಟೆಲಿಟೈಪ್ ಯಂತ್ರ. ಗಣಕವು ಕೊಟ್ಟ ಉತ್ತರವನ್ನು ಅದು ಕಾಗದದ ಸುರುಳಿಯ ಮೇಲೆ ಬಡಿದು ತೋರಿಸುತ್ತಿತ್ತು. ಅಂದು ಔಟ್‌ಪುಟ್ ಎಂದರೆ ಮುದ್ರಣವೇ. ಪರದೆಗಳು ಬಂದು ಕಾಗದವನ್ನು ಪಕ್ಕಕ್ಕೆ ಸರಿಸಿದ ಮೇಲೆ, ಅದೇ ಭಾಷೆಯಿಂದ ಮತ್ತೆ ಕಾಗದವನ್ನು ತಲಪುವುದು ಬೇರೆಯೇ ಒಂದು ವಿದ್ಯೆಯಾಯಿತು.

ಸಿ ಪ್ರೋಗ್ರಾಮಿನ ಔಟ್‌ಪುಟ್ಟನ್ನು ಪ್ರಿಂಟರಿಗೆ ಕಳುಹಿಸುವುದು ಹೇಗೆ ಎಂಬ ಪ್ರಶ್ನೆಗೆ ಪಠ್ಯಪುಸ್ತಕಗಳು ಒಂದೆರಡು ಸಾಲುಗಳಲ್ಲಿ ಉತ್ತರ ಹೇಳಿ ಮುಗಿಸುತ್ತವೆ. ಇಂಗ್ಲಿಷಿಗೆ ಆ ಉತ್ತರ ಸಾಕು. ಕನ್ನಡಕ್ಕೆ ಸಾಲದು. ಏಕೆಂದರೆ ಪ್ರೋಗ್ರಾಮು ಕಳುಹಿಸುವುದು ಬೈಟುಗಳನ್ನು. ಓದುಗನಿಗೆ ಬೇಕಾದುದು ಅಕ್ಷರಗಳು. ನಡುವೆ ಯಾರೋ ಒಬ್ಬರು ಬೈಟನ್ನು ಅಕ್ಷರವಾಗಿಸುವ ಹೊಣೆ ಹೊರಬೇಕು. ಆ ಹೊಣೆಯನ್ನು ಯಾವ ಕಾಲದಲ್ಲಿ ಯಾರು ಹೊತ್ತರು, ಅದರಿಂದ ನಮ್ಮ ದಾಖಲೆಗಳಿಗೆ ಏನಾಯಿತು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ವಿವರಣೆಯ ಅನುಕೂಲಕ್ಕಾಗಿ ಒಂದು ಸಣ್ಣ ಕೆಲಸವನ್ನು ಇಟ್ಟುಕೊಳ್ಳೋಣ: ಒಂದು ಗ್ರಂಥಾಲಯವು ತನ್ನ ಕನ್ನಡ ಪುಸ್ತಕಗಳ ಪಟ್ಟಿಯನ್ನು, ಶೀರ್ಷಿಕೆ ಒಂದು ಅಂಕಣದಲ್ಲಿ, ವರ್ಗಸಂಖ್ಯೆ ಮುಂದಿನ ಅಂಕಣದಲ್ಲಿ ಬರುವಂತೆ ಮುದ್ರಿಸಬೇಕಾಗಿದೆ.

2. ಸಿ ಭಾಷೆಗೆ ಪ್ರಿಂಟರ್ ಗೊತ್ತಿಲ್ಲ

1989ರಲ್ಲಿ ಅಮೆರಿಕದಲ್ಲಿಯೂ 1990ರಲ್ಲಿ ಅಂತಾರಾಷ್ಟ್ರೀಯ ಮಟ್ಟದಲ್ಲಿಯೂ ಅಂಗೀಕಾರವಾದ ಸಿ ಭಾಷೆಯ ಶಿಷ್ಟತೆಯಲ್ಲಿ ಪ್ರಿಂಟರಿಗೆಂದು ಪ್ರತ್ಯೇಕವಾದ ಯಾವ ಫಂಕ್ಷನ್ನೂ ಇಲ್ಲ. ಅದು ಬಲ್ಲದ್ದು ಸ್ಟ್ರೀಮ್ ಎಂಬ ಒಂದೇ ಕಲ್ಪನೆಯನ್ನು. ಸ್ಟ್ರೀಮ್ ಎಂದರೆ ಬೈಟುಗಳು ಒಂದರ ಹಿಂದೊಂದು ಸಾಗುವ ಕಾಲುವೆ. ಅದರ ಇನ್ನೊಂದು ತುದಿಯಲ್ಲಿ ಕಡತವಿದೆಯೋ ಪರದೆಯಿದೆಯೋ ಯಂತ್ರವಿದೆಯೋ ಎಂಬುದು ಭಾಷೆಯ ಚಿಂತೆಯಲ್ಲ. ಪ್ರೋಗ್ರಾಮು ಆರಂಭವಾದಾಗ ಮೂರು ಸ್ಟ್ರೀಮುಗಳು ತಾವಾಗಿ ತೆರೆದಿರುತ್ತವೆ: ಇನ್‌ಪುಟ್ಟಿಗೆ ಒಂದು, ಔಟ್‌ಪುಟ್ಟಿಗೆ ಒಂದು, ದೋಷಗಳ ವರದಿಗೆ ಒಂದು.

ಪ್ರಿಂಟರನ್ನು ಈ ಕಲ್ಪನೆಯೊಳಕ್ಕೆ ತಂದುಕೊಡುವ ಕೆಲಸ ಕಾರ್ಯಾಚರಣಾ ವ್ಯವಸ್ಥೆಯದು. ಡಾಸ್ ವ್ಯವಸ್ಥೆಯು ಇದನ್ನು ಅತ್ಯಂತ ಸರಳವಾಗಿ ಮಾಡಿತ್ತು. ಅಲ್ಲಿ ಪ್ರಿಂಟರಿಗೆ ಕಡತದಂತೆಯೇ ಒಂದು ಹೆಸರಿತ್ತು: ಪಿಆರ್‌ಎನ್, ಅಥವಾ ಎಲ್‌ಪಿಟಿ1. ಎಫ್‌ಓಪನ್ ಫಂಕ್ಷನ್ನಿಗೆ ಈ ಹೆಸರನ್ನು ಕೊಟ್ಟು ತೆರೆದು, ಎಫ್‌ಪ್ರಿಂಟ್‌ಎಫ್ ಮೂಲಕ ಬರೆದು, ಕೊನೆಗೆ ಪುಟವನ್ನು ಹೊರದೂಡುವ 12 ಎಂಬ ಬೈಟನ್ನು ಕಳುಹಿಸಿ ಮುಚ್ಚಿದರೆ ಕೆಲಸ ಮುಗಿಯಿತು. ಬೋರ್ಲ್ಯಾಂಡ್ ಸಂಸ್ಥೆ 1987ರಲ್ಲಿ ಹೊರತಂದ, ನಮ್ಮ ಕಾಲೇಜುಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದ ಟರ್ಬೊ ಸಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಎಸ್‌ಟಿಡಿಪಿಆರ್‌ಎನ್ ಎಂಬ ಪ್ರಿಂಟರ್ ಸ್ಟ್ರೀಮನ್ನು ಮೊದಲೇ ತೆರೆದಿಟ್ಟಿರುತ್ತಿತ್ತು. ಇದು ಡಾಸ್ ಕಂಪೈಲರುಗಳ ಸೌಲಭ್ಯವೇ ಹೊರತು ಭಾಷೆಯ ಭಾಗವಲ್ಲ. ಹಳೆಯ ಪಠ್ಯಕ್ರಮದಿಂದ ಈ ಸಾಲನ್ನು ನಕಲು ಮಾಡಿಕೊಂಡವರು ಅದನ್ನು ಲಿನಕ್ಸಿನಲ್ಲಿ ಕಂಪೈಲ್ ಮಾಡಿದಾಗ ದೋಷ ಬರುವುದು ಈ ಕಾರಣದಿಂದಲೇ.

ಯೂನಿಕ್ಸ್ ಬಹುಜನರು ಒಂದೇ ಗಣಕವನ್ನು ಹಂಚಿಕೊಳ್ಳುವ ವ್ಯವಸ್ಥೆ. ಇಬ್ಬರು ಒಮ್ಮೆಗೇ ಪ್ರಿಂಟರಿಗೆ ಬರೆದರೆ ಒಬ್ಬರ ಸಾಲುಗಳ ನಡುವೆ ಇನ್ನೊಬ್ಬರ ಸಾಲುಗಳು ಸೇರಿಕೊಳ್ಳುತ್ತವೆ. ಆದ್ದರಿಂದ ಅಲ್ಲಿ ಪ್ರಿಂಟರಿನ ಮುಂದೆ ಸ್ಪೂಲರ್ ಎಂಬ ಕಾವಲುಗಾರನಿದ್ದಾನೆ. ಕೆಲಸಗಳನ್ನು ಅವನು ಸರದಿಯಲ್ಲಿ ನಿಲ್ಲಿಸಿಕೊಂಡು ಒಂದೊಂದಾಗಿ ಬಿಡುತ್ತಾನೆ. ಸಿ ಪ್ರೋಗ್ರಾಮು ಪಿಓಪನ್ ಎಂಬ ಫಂಕ್ಷನ್ನಿನ ಮೂಲಕ ಎಲ್‌ಪಿಆರ್ ಅಥವಾ ಎಲ್‌ಪಿ ಆಜ್ಞೆಯನ್ನು ಚಾಲನೆಗೊಳಿಸಿ, ಅದರ ಬಾಯಿಗೆ ತನ್ನ ಔಟ್‌ಪುಟ್ಟನ್ನು ಸುರಿದು, ಪಿಕ್ಲೋಸ್ ಮೂಲಕ ಮುಗಿಸುತ್ತದೆ. ವಿಂಡೋಸ್‌ನಲ್ಲಿಯೂ ಸ್ಪೂಲರ್ ಇದೆ. ಅಲ್ಲಿ ಬೈಟುಗಳನ್ನು ಇದ್ದಂತೆಯೇ ತಲಪಿಸಲು ರೈಟ್‌ಪ್ರಿಂಟರ್ ಎಂಬ ಫಂಕ್ಷನ್ ಇದೆ, ಪುಟವನ್ನು ಚಿತ್ರಿಸಿ ಕಳುಹಿಸಲು ಬೇರೆಯೇ ಒಂದು ಫಂಕ್ಷನ್ ಸಮೂಹವಿದೆ.

3. ಬೈಟು ಅಕ್ಷರವಾಗುತ್ತಿದ್ದ ಬಗೆ

ಹೀಗೆ ಕಳುಹಿಸಿದ ಬೈಟು ಯಂತ್ರದಲ್ಲಿ ಏನಾಗುತ್ತಿತ್ತು ಎಂಬುದನ್ನು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ಉದಾಹರಣೆಯಿಂದ ತಿಳಿಯಬಹುದು. ಗಣಕಕ್ಕೂ ಪ್ರಿಂಟರಿಗೂ ನಡುವೆ ಸೆಂಟ್ರಾನಿಕ್ಸ್ ಮಾದರಿಯ ಸಮಾಂತರ ತಂತಿ ಇರುತ್ತಿತ್ತು. ಒಂದು ಬೈಟಿನ 8 ಬಿಟ್ಟುಗಳು 8 ತಂತಿಗಳಲ್ಲಿ ಏಕಕಾಲಕ್ಕೆ ನಿಲ್ಲುತ್ತವೆ. ಗಣಕವು ಸ್ಟ್ರೋಬ್ ತಂತಿಯಲ್ಲಿ ಒಂದು ಮಿಡಿತ ಕೊಟ್ಟು ‘ತೆಗೆದುಕೋ’ ಎನ್ನುತ್ತದೆ. ಪ್ರಿಂಟರು ತನ್ನ ಬಿಜಿ ತಂತಿಯಿಂದ ‘ತಾಳು’ ಎಂದೂ, ಅಕ್ನಾಲೆಜ್ ತಂತಿಯಿಂದ ‘ಬಂತು’ ಎಂದೂ ಉತ್ತರಿಸುತ್ತದೆ. ಕಾಗದ ಮುಗಿದುದನ್ನು ತಿಳಿಸಲು ಮತ್ತೊಂದು ತಂತಿ. ಟರ್ಬೊ ಸಿ ಭಾಷೆಯ ಬಯಾಸ್‌ಪ್ರಿಂಟ್ ಎಂಬ ಫಂಕ್ಷನ್ನಿನಿಂದ ಪ್ರೋಗ್ರಾಮು ಈ ಸ್ಥಿತಿಯನ್ನು ನೇರವಾಗಿ ಕೇಳಬಹುದಾಗಿತ್ತು. ಉತ್ತರವಾಗಿ ಬರುವ ಸಂಖ್ಯೆಯಲ್ಲಿ 32ರ ಬಿಟ್ ಇದ್ದರೆ ಕಾಗದವಿಲ್ಲ, 8ರ ಬಿಟ್ ಇದ್ದರೆ ದೋಷವಿದೆ, 128ರ ಬಿಟ್ ಇದ್ದರೆ ಯಂತ್ರ ಬಿಡುವಾಗಿದೆ ಎಂದು ಅರ್ಥ.

ಬಂದ ಬೈಟು 65 ಆಗಿದ್ದರೆ ಪ್ರಿಂಟರು ಇಂಗ್ಲಿಷಿನ ಮೊದಲ ದೊಡ್ಡಕ್ಷರವನ್ನು ಹೊಡೆಯುತ್ತಿತ್ತು. ಆ ಅಕ್ಷರದ ಆಕಾರ ಗಣಕದಲ್ಲಿರಲಿಲ್ಲ. ಪ್ರಿಂಟರಿನೊಳಗಿನ ಶಾಶ್ವತ ಸ್ಮೃತಿಯಲ್ಲಿ, ಕಾರ್ಖಾನೆಯಲ್ಲಿಯೇ ಕೆತ್ತಿಟ್ಟ ಚುಕ್ಕಿಗಳ ನಕ್ಷೆಯಾಗಿ ಇತ್ತು. ಪ್ರೋಗ್ರಾಮರನು ಅಕ್ಷರದ ರೂಪವನ್ನು ಕುರಿತು ಯೋಚಿಸಬೇಕಾಗಿಯೇ ಇರಲಿಲ್ಲ. ಎಪ್ಸನ್ ಸಂಸ್ಥೆಯು 1980ರಲ್ಲಿ ತಂದ ಎಂಎಕ್ಸ್-80 ಮತ್ತು ಅನಂತರದ ಎಫ್‌ಎಕ್ಸ್ ಶ್ರೇಣಿಯ ಯಂತ್ರಗಳಿಂದಾಗಿ ಇವುಗಳ ಆಜ್ಞಾಭಾಷೆಯೂ ಒಂದು ಅಘೋಷಿತ ಶಿಷ್ಟತೆಯಾಯಿತು. 27 ಎಂಬ ಎಸ್ಕೇಪ್ ಬೈಟಿನಿಂದ ಆಜ್ಞೆ ಆರಂಭವಾಗುತ್ತದೆ: 27ರ ಹಿಂದೆ 64 ಬಂದರೆ ಯಂತ್ರ ಮೊದಲಿನ ಸ್ಥಿತಿಗೆ ಮರಳುತ್ತದೆ, 69 ಬಂದರೆ ಅಕ್ಷರ ದಪ್ಪವಾಗುತ್ತದೆ, 70 ಬಂದರೆ ದಪ್ಪ ನಿಲ್ಲುತ್ತದೆ. ನಮ್ಮ ಕಚೇರಿಗಳಲ್ಲಿದ್ದ ಭಾರತೀಯ ತಯಾರಿಕೆಯ ಪ್ರಿಂಟರುಗಳೂ ಬಹುಮಟ್ಟಿಗೆ ಇದೇ ಆಜ್ಞೆಗಳನ್ನು ಪಾಲಿಸುತ್ತಿದ್ದವು.

4. ಕನ್ನಡವು ಚಿತ್ರವಾಗಿ ಮುದ್ರಣಗೊಂಡ ಕಾಲ

ಈ ಏರ್ಪಾಡಿನಲ್ಲಿ ಕನ್ನಡಕ್ಕೆ ಸ್ಥಳವಿರಲಿಲ್ಲ. ಪ್ರಿಂಟರಿನ ಸ್ಮೃತಿಯಲ್ಲಿ ಕನ್ನಡದ ಆಕಾರಗಳಿರಲಿಲ್ಲವೆಂಬುದು ಮೊದಲ ಕಾರಣ. ಬಳಕೆದಾರನೇ ಕೆಲವು ಅಕ್ಷರಗಳನ್ನು ರಚಿಸಿ ಪ್ರಿಂಟರಿಗೆ ತುಂಬಬಹುದಾದ ಸೌಲಭ್ಯ ಎಫ್‌ಎಕ್ಸ್ ಶ್ರೇಣಿಯಲ್ಲಿತ್ತು. ಆದರೆ ಅದು ಇಂಗ್ಲಿಷ್ ಅಕ್ಷರದ ಚೌಕಟ್ಟಿನೊಳಗೇ ಕೂಡಬೇಕಾಗಿತ್ತು. 9 ಸೂಜಿಗಳ ಎತ್ತರದಲ್ಲಿ ಕನ್ನಡದ ಅಕ್ಷರವನ್ನು ಕೂಡಿಸುವುದು ಕಷ್ಟ. ನಮ್ಮ ಬರವಣಿಗೆಯಲ್ಲಿ ಒಂದು ಸಾಲು ಮೂರು ಅಂತಸ್ತುಗಳಲ್ಲಿ ಹರಡುತ್ತದೆ: ಮೇಲೆ ತಲೆಕಟ್ಟು ಮತ್ತು ಗುಡಿಸು, ನಡುವೆ ಅಕ್ಷರದ ಒಡಲು, ಕೆಳಗೆ ಒತ್ತಕ್ಷರ. ‘ಸ್ತ್ರೀ’ ಎಂಬ ಒಂದಕ್ಷರದಲ್ಲಿ ಈ ಮೂರೂ ಇವೆ, ಒತ್ತುಗಳೇ ಎರಡು. ಜೊತೆಗೆ ಗುಣಿತಾಕ್ಷರ ಮತ್ತು ಸಂಯುಕ್ತಾಕ್ಷರಗಳನ್ನು ಲೆಕ್ಕ ಹಿಡಿದರೆ ಬೇಕಾಗುವ ಆಕಾರಗಳ ಸಂಖ್ಯೆ ಒಂದು ಬೈಟಿನ 256 ಸ್ಥಾನಗಳನ್ನು ದಾಟಿ ಬಹುದೂರ ಹೋಗುತ್ತದೆ.

ಆದ್ದರಿಂದ ಕನ್ನಡವನ್ನು ಅಕ್ಷರವಾಗಿ ಕಳುಹಿಸದೆ ಚಿತ್ರವಾಗಿ ಕಳುಹಿಸಬೇಕಾಯಿತು. ಪ್ರಿಂಟರಿನ ಚಿತ್ರವಿಧಾನದಲ್ಲಿ ಪ್ರತಿಯೊಂದು ಬೈಟೂ ಒಂದು ಕಿರಿದಾದ ಲಂಬಸಾಲು. 8 ಬಿಟ್ಟುಗಳು 8 ಸೂಜಿಗಳಿಗೆ ಆಜ್ಞೆ. ಮೇಲಿನ ಸೂಜಿಗೆ 128, ಕೆಳಗಿನದಕ್ಕೆ 1. ಅಂಗುಲಕ್ಕೆ 60 ಚುಕ್ಕಿಗಳಂತೆ 8 ಅಂಗುಲದ ಸಾಲಿಗೆ 480 ಲಂಬಸಾಲುಗಳು ಬೇಕು. ಆಗ ಪ್ರೋಗ್ರಾಮು ಕಳುಹಿಸಬೇಕಾದ ಆಜ್ಞೆ 27, 75, 224, 1. ಕೊನೆಯ ಎರಡು ಸಂಖ್ಯೆಗಳು 480ನ್ನು ಸೂಚಿಸುತ್ತವೆ (256ಕ್ಕೆ 224ನ್ನು ಕೂಡಿದರೆ 480). ಅದರ ಹಿಂದೆ 480 ಚಿತ್ರಬೈಟುಗಳು. ಹೀಗೆ ಒಂದು ಓಟದಲ್ಲಿ ಮೂಡುವುದು ಅಂಗುಲದ 72ರಲ್ಲಿ 8 ಪಾಲಿನ ಎತ್ತರ. ಕನ್ನಡದ ಒಂದು ಸಾಲಿಗೆ ಅಂಥ ಎರಡು ಮೂರು ಓಟಗಳು ಬೇಕಾಗುತ್ತಿದ್ದವು. ಸಾಮಾನ್ಯ ಸಾಲಿನ ಅಂತರ ಅಂಗುಲದ 6ರಲ್ಲಿ 1 ಪಾಲು. ಅದನ್ನು 9ರಲ್ಲಿ 1 ಪಾಲಿಗೆ ಇಳಿಸಲು ಮರೆತರೆ ಅಕ್ಷರದ ಒಡಲಿಗೂ ಒತ್ತಿಗೂ ನಡುವೆ ಬಿಳಿಯ ಪಟ್ಟಿಯೊಂದು ಉಳಿದು ಸಾಲು ಸೀಳಿದಂತೆ ಕಾಣುತ್ತಿತ್ತು.

ಇಲ್ಲಿ ಸಿ ಭಾಷೆಯದೇ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಡಾಸ್‌ನಲ್ಲಿ ಸ್ಟ್ರೀಮನ್ನು ಪಠ್ಯವಿಧಾನದಲ್ಲಿ ತೆರೆದರೆ, ಸಾಲಿನ ಕೊನೆಯನ್ನು ಸೂಚಿಸುವ 10 ಎಂಬ ಬೈಟಿಗೆ ಮೊದಲು 13 ಎಂಬ ಬೈಟನ್ನು ಲೈಬ್ರರಿಯು ತಾನಾಗಿ ಸೇರಿಸುತ್ತದೆ. ಪಠ್ಯಕ್ಕೆ ಇದು ಅಗತ್ಯ. ಆದರೆ ಚಿತ್ರದಲ್ಲಿ 10 ಎಂದರೆ ಮೇಲಿನಿಂದ 5ನೆಯ ಮತ್ತು 7ನೆಯ ಸೂಜಿಗಳು ಹೊಡೆಯಬೇಕೆಂಬ ಆಜ್ಞೆ ಮಾತ್ರ. ಅದಕ್ಕೂ 13 ಅಂಟಿಕೊಂಡಾಗ ಇಲ್ಲದ ಒಂದು ಲಂಬಸಾಲು ಅಕ್ಷರದ ನಡುವೆ ನುಗ್ಗುತ್ತದೆ, ಮುಂದಿನದೆಲ್ಲ ಒಂದು ಚುಕ್ಕಿ ಬಲಕ್ಕೆ ಸರಿಯುತ್ತದೆ, 480ರ ಎಣಿಕೆಯಿಂದ ಹೊರಗುಳಿದ ಕೊನೆಯ ಬೈಟು ಸಾಲಿನ ಅಂಚಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಯಾಗಿ ಅಚ್ಚಾಗಬಹುದು. ಎಲ್ಲ ಪುಟಗಳೂ ಕೆಡುವುದಿಲ್ಲ; ಆ ಚುಕ್ಕಿವಿನ್ಯಾಸ ಬರುವ ಅಕ್ಷರವಿದ್ದ ಸಾಲು ಮಾತ್ರ ಕೆಡುತ್ತದೆ. ಕಾರಣ ಹುಡುಕುವುದು ಕಷ್ಟವಾಗುತ್ತಿದ್ದುದು ಇದರಿಂದಲೇ. ಸ್ಟ್ರೀಮನ್ನು ದ್ವಿಮಾನ ವಿಧಾನದಲ್ಲಿ ತೆರೆಯುವುದು ಪರಿಹಾರ.

ಅನಂತರ ಬಂದ 24 ಸೂಜಿಗಳ ಪ್ರಿಂಟರುಗಳಲ್ಲಿ ಕನ್ನಡ ಹೆಚ್ಚು ಸುಂದರವಾಯಿತು. ಆದರೆ ಪ್ರತಿ ಲಂಬಸಾಲಿಗೆ 3 ಬೈಟುಗಳು. ಅಂಗುಲಕ್ಕೆ 180 ಚುಕ್ಕಿಗಳಂತೆ 8 ಅಂಗುಲಕ್ಕೆ 4320 ಬೈಟುಗಳು. 80 ಅಕ್ಷರಗಳ ಒಂದು ಇಂಗ್ಲಿಷ್ ಸಾಲಿಗೆ 80 ಬೈಟು ಸಾಕಾಗಿದ್ದಾಗ, ಕನ್ನಡದ ಒಂದು ಓಟಕ್ಕೇ ಅದರ 54 ಪಟ್ಟು ಬೇಕಾಗುತ್ತಿತ್ತು. ಕನ್ನಡ ಮುದ್ರಣ ನಿಧಾನ ಎಂಬ ದೂರು ಅಂದಿನ ಕಚೇರಿಗಳಲ್ಲಿ ಕೇಳಿಬರುತ್ತಿದ್ದುದಕ್ಕೆ ಈ ಲೆಕ್ಕವೇ ಸಮಾಧಾನ ಹೇಳುತ್ತದೆ. ಆ ನಿಧಾನದಲ್ಲಿ ಭಾಷೆಯ ದೋಷವೇನೂ ಇರಲಿಲ್ಲ.

5. ಅಕ್ಷರವನ್ನು ಉಳಿಸಬೇಕೆ, ಆಕಾರವನ್ನು ಉಳಿಸಬೇಕೆ?

ಮುದ್ರಣದ ಹೊಣೆ ಯಂತ್ರದಿಂದ ಪ್ರೋಗ್ರಾಮಿಗೆ ವರ್ಗವಾದ ಮೇಲೆ ಒಂದು ಮೂಲಭೂತ ಆಯ್ಕೆ ಎದುರಾಯಿತು. ಗಣಕದ ಕಡತದಲ್ಲಿ ಏನನ್ನು ಇಡಬೇಕು? ಉಚ್ಚಾರದ ಕ್ರಮದಲ್ಲಿರುವ ಅಕ್ಷರಗಳನ್ನೇ ಅಥವಾ ಕಾಗದದ ಮೇಲೆ ಜೋಡಿಸಬೇಕಾದ ಆಕಾರದ ತುಣುಕುಗಳನ್ನೇ?

ಮೊದಲನೆಯ ದಾರಿಯನ್ನು ಹಿಡಿದದ್ದು ಇಸ್ಕಿ ಸಂಕೇತ. ಭಾರತೀಯ ಮಾನಕ ಸಂಸ್ಥೆಯು 1991ರಲ್ಲಿ ಐಎಸ್ 13194 ಎಂಬ ಸಂಖ್ಯೆಯಡಿ ಇದನ್ನು ಶಿಷ್ಟತೆಯಾಗಿ ಪ್ರಕಟಿಸಿತು. ಬ್ರಾಹ್ಮೀ ಮೂಲದ ಲಿಪಿಗಳಿಗೆಲ್ಲ ಒಂದೇ ಸಂಕೇತಪಟ್ಟಿ. ‘ರ್ಗ’ ಎಂಬುದು ಅಲ್ಲಿ ರ, ಹಲಂತ, ಗ ಎಂಬ ಮೂರು ಸಂಕೇತಗಳು. ಕಾನ್ಪುರದ ಐಐಟಿಯಲ್ಲಿ ಆರಂಭವಾಗಿ ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಮುಂದುವರಿದ ಜಿಸ್ಟ್ ತಂತ್ರಜ್ಞಾನವು ಈ ಅಕ್ಷರಸಂಕೇತವನ್ನು ಆಕಾರವಾಗಿ ಪರಿವರ್ತಿಸುವ ಕೆಲಸವನ್ನು ತಾನು ವಹಿಸಿಕೊಂಡಿತು.

ಎರಡನೆಯ ದಾರಿ ಫಾಂಟ್ ಸಂಕೇತದ್ದು. ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡದ ಒಡಲು, ತಲೆಕಟ್ಟು, ಕೊಂಬು, ಒತ್ತುಗಳನ್ನು ಇಟ್ಟರೆ, ಕನ್ನಡವನ್ನು ಅರಿಯದ ಯಾವ ಪ್ರೋಗ್ರಾಮೂ ಅವನ್ನು ಇಂಗ್ಲಿಷೆಂದೇ ಭಾವಿಸಿ ಮುದ್ರಿಸಿಬಿಡುತ್ತದೆ. 1998ರಲ್ಲಿ ಬಂದ ಬರಹ, ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ನುಡಿ ಮೊದಲಾದ ತಂತ್ರಾಂಶಗಳು ಕನ್ನಡಿಗರನ್ನು ಗಣಕಕ್ಕೆ ಕರೆತಂದದ್ದು ಬಹುಮಟ್ಟಿಗೆ ಈ ದಾರಿಯಿಂದ. ಕಾಗದವನ್ನು ಗುರಿಯಾಗಿಟ್ಟುಕೊಂಡ ಕಾಲದಲ್ಲಿ ಇದು ವಿವೇಕದ ದಾರಿಯೇ ಆಗಿತ್ತು. ಯುನಿಕೋಡ್ 1991ರಲ್ಲಿಯೇ ಕನ್ನಡಕ್ಕೆ ಸ್ಥಾನ ಕೊಟ್ಟಿದ್ದರೂ ವಿಂಡೋಸ್‌ನಲ್ಲಿ ಅದಕ್ಕೆ ತಕ್ಕ ಫಾಂಟು, ತುಂಗಾ ಎಂಬ ಹೆಸರಿನಲ್ಲಿ, ಬಂದದ್ದು 2001ರ ಎಕ್ಸ್‌ಪಿ ಆವೃತ್ತಿಯೊಂದಿಗೆ. ಅಲ್ಲಿಯವರೆಗೆ ಜನ ಕಾಯುತ್ತ ಕೂಡುವಂತಿರಲಿಲ್ಲ.

ಆದರೆ ಕಾಗದವನ್ನು ತಲಪಿದ ಮೇಲೆ ಉಳಿದ ಕಡತದ ಗತಿಯೇನು? ಆ ಫಾಂಟು ಇಲ್ಲದ ಗಣಕದಲ್ಲಿ ಅದು ಇಂಗ್ಲಿಷ್ ಚಿಹ್ನೆಗಳ ಗೊಂದಲ. ಅದರಲ್ಲಿ ಒಂದು ಪದವನ್ನು ಹುಡುಕಲು, ಅಕಾರಾದಿಯಾಗಿ ಜೋಡಿಸಲು ಆಗುವುದಿಲ್ಲ. ಪರಿವರ್ತಿಸಲು ಹೊರಟರೆ ಅರ್ಕಾವತ್ತು ಕಾಡುತ್ತದೆ. ಉಚ್ಚಾರದಲ್ಲಿ ಮೊದಲು ಬರುವ ರಕಾರವು ಬರವಣಿಗೆಯಲ್ಲಿ ಅಕ್ಷರದ ಹಿಂದೆ ಬರುತ್ತದೆ. ಆಕಾರದ ಕ್ರಮವನ್ನೇ ಅಕ್ಷರದ ಕ್ರಮವೆಂದು ತಿಳಿದ ಪರಿವರ್ತಕವು ‘ಮಾರ್ಗ’ವನ್ನು ‘ಮಾಗರ್’ ಮಾಡುತ್ತದೆ, ‘ಕರ್ನಾಟಕ’ವನ್ನು ‘ಕನಾರ್ಟಕ’ ಮಾಡುತ್ತದೆ. ಈ ತಪ್ಪು ರೂಪಗಳು ಇಂದಿಗೂ ಮುದ್ರಿತ ಪುಟಗಳಲ್ಲಿ ಕಣ್ಣಿಗೆ ಬೀಳುತ್ತವೆ. ಇವುಗಳನ್ನು ಕರಡು ತಿದ್ದುವವರ ಅಜಾಗರೂಕತೆಯೆಂದು ಮಾತ್ರ ಎಣಿಸಲಾಗದು. ಆಕಾರವನ್ನು ಅಕ್ಷರವೆಂದು ಸಂಗ್ರಹಿಸಿದ ಒಂದು ಕಾಲಘಟ್ಟದ ಗುರುತುಗಳು ಇವು.

6. ಯುನಿಕೋಡ್ ಬಂದ ಮೇಲೆ: ಒಂದು ಪದ, ನಾಲ್ಕು ಅಳತೆ

ಯುನಿಕೋಡ್ ಅಕ್ಷರದ ದಾರಿಯನ್ನು ಶಾಶ್ವತಗೊಳಿಸಿತು. 3200ರಿಂದ 3327ರವರೆಗಿನ ಸ್ಥಾನಗಳು ಕನ್ನಡಕ್ಕೆ ಮೀಸಲು, ‘ಕ’ 3221ನೆಯದು. ಯುಟಿಎಫ್-8 ರೂಪದಲ್ಲಿ ಕನ್ನಡದ ಪ್ರತಿಯೊಂದು ಸಂಕೇತವೂ 3 ಬೈಟುಗಳಾಗುತ್ತದೆ. ‘ಕ’ ಎಂಬುದು 224, 178, 149. ಇವನ್ನು ಸಿ ಪ್ರೋಗ್ರಾಮು ತಡೆಯಿಲ್ಲದೆ ಓದಿ ಬರೆಯಬಲ್ಲದು. ಆದರೆ ಇವನ್ನೇ ಹಳೆಯ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿಗೆ ನೇರವಾಗಿ ಕಳುಹಿಸಿದರೆ, ಅದು ಐಬಿಎಂನ 437ನೆಯ ಸಂಕೇತಪಟ್ಟಿಯಂತೆ ಒಂದು ಗ್ರೀಕ್ ಆಲ್ಫಾ, ಒಂದು ಮಾಸಲು ಚೌಕ, ಮೇಲೆ ಓರೆಗೀಟುಳ್ಳ ಒಂದು ಇಂಗ್ಲಿಷ್ ಓ ಅಕ್ಷರವನ್ನು ಅಚ್ಚುಮಾಡುತ್ತದೆ. ಬೈಟುಗಳು ಸರಿಯಾಗಿಯೇ ತಲಪಿವೆ. ಅವುಗಳ ಅರ್ಥ ತಲಪಿಲ್ಲ.

ಪುಟದ ಜೋಡಣೆಯಲ್ಲಿ ಇನ್ನೊಂದು ತೊಡಕಿದೆ. ನಮ್ಮ ಗ್ರಂಥಾಲಯದ ಪಟ್ಟಿಗೆ ಮರಳೋಣ. ಶೀರ್ಷಿಕೆಗೆ 40 ಸ್ಥಾನ ಕೊಟ್ಟು ಎಡಕ್ಕೆ ಹೊಂದಿಸುವಂತೆ ಎಫ್‌ಪ್ರಿಂಟ್‌ಎಫ್‌ಗೆ ಹೇಳಿದ್ದೇವೆ. ಮೊದಲ ಶೀರ್ಷಿಕೆ ‘ಕವಿರಾಜಮಾರ್ಗ’, ಎರಡನೆಯದು ‘ಪಂಪಭಾರತ’. ಓದುಗನಿಗೆ ಮೊದಲನೆಯದರಲ್ಲಿ 6 ಅಕ್ಷರಗಳಿವೆ: ಕ, ವಿ, ರಾ, ಜ, ಮಾ, ರ್ಗ. ಯುನಿಕೋಡ್ ಲೆಕ್ಕದಲ್ಲಿ ಗುಣಿತಚಿಹ್ನೆ, ಹಲಂತಗಳೂ ಸೇರಿ 11 ಸಂಕೇತಗಳು. ಉದ್ದವನ್ನು ಎಣಿಸುವ ಸ್ಟ್ರ್‌ಲೆನ್ ಫಂಕ್ಷನ್ ಕೊಡುವ ಉತ್ತರ 33, ಏಕೆಂದರೆ ಅದು ಎಣಿಸುವುದು ಬೈಟುಗಳನ್ನು. ನಾಲ್ಕನೆಯ ಅಳತೆ ಕಾಗದದ ಮೇಲೆ ಆ ಪದ ಹಿಡಿಯುವ ಅಗಲ. ಅದನ್ನು ಫಾಂಟನ್ನು ಕೇಳದೆ ಹೇಳಲಾಗದು.

ಎಫ್‌ಪ್ರಿಂಟ್‌ಎಫ್ ಕೂಡ ಬೈಟುಗಳನ್ನೇ ಎಣಿಸುತ್ತದೆ. ‘ಕವಿರಾಜಮಾರ್ಗ’ಕ್ಕೆ 33 ಬೈಟಾದ್ದರಿಂದ ಅದರ ಮುಂದೆ 7 ಖಾಲಿ ಸ್ಥಾನಗಳನ್ನೂ, 7 ಸಂಕೇತಗಳ 21 ಬೈಟಿನ ‘ಪಂಪಭಾರತ’ದ ಮುಂದೆ 19 ಖಾಲಿ ಸ್ಥಾನಗಳನ್ನೂ ಸೇರಿಸುತ್ತದೆ. ಒಂದು ಅಕ್ಷರಕ್ಕೆ ಒಂದು ಸ್ಥಾನವೆಂದು ಇಟ್ಟುಕೊಂಡರೂ ವರ್ಗಸಂಖ್ಯೆಯು ಮೊದಲ ಸಾಲಿನಲ್ಲಿ 14ನೆಯ ಸ್ಥಾನದಿಂದ, ಎರಡನೆಯದರಲ್ಲಿ 25ನೆಯ ಸ್ಥಾನದಿಂದ ಆರಂಭವಾಗುತ್ತದೆ. ಅಂಕಣವೆಂಬುದೇ ಉಳಿಯುವುದಿಲ್ಲ. ಉದ್ದದ ಶೀರ್ಷಿಕೆಯನ್ನು 20ಕ್ಕೆ ಕತ್ತರಿಸು ಎಂದು ಹೇಳಿದರೆ ಇನ್ನೂ ಅಪಾಯ: ‘ಕವಿರಾಜ’ದ 18 ಬೈಟುಗಳೂ ‘ಮ’ ಅಕ್ಷರದ ಮೂರರಲ್ಲಿ ಎರಡು ಬೈಟುಗಳೂ ಹೊರಬೀಳುತ್ತವೆ. ಅಂಗಹೀನವಾದ ಆ ತುಣುಕು ಯಾವ ಲಿಪಿಯ ಅಕ್ಷರವೂ ಅಲ್ಲ.

ವಿಶಾಲಾಕ್ಷರ ಎನ್ನಬಹುದಾದ ಡಬ್ಲ್ಯುಚಾರ್ ಎಂಬ ದತ್ತಾಂಶ ವಿಧವನ್ನು ಬಳಸಿದರೆ ತೊಂದರೆ ಅರ್ಧ ಮಾತ್ರ ನೀಗುತ್ತದೆ. ಆಗ 33ರ ಬದಲು 11 ಸಿಗುತ್ತದೆ; 6 ಸಿಗುವುದಿಲ್ಲ, ಅಗಲವಂತೂ ಸಿಗುವುದೇ ಇಲ್ಲ. ಇಂಗ್ಲಿಷಿನಲ್ಲಿ, ಸಮಾನ ಅಗಲದ ಅಕ್ಷರಗಳ ಪ್ರಿಂಟರಿನಲ್ಲಿ, ಈ ನಾಲ್ಕು ಅಳತೆಗಳೂ ಒಂದೇ ಆಗಿದ್ದವು. ಸಿ ಭಾಷೆಯ ಮುದ್ರಣಕ್ರಮವೆಲ್ಲ ಆ ಆಕಸ್ಮಿಕ ಹೊಂದಾಣಿಕೆಯ ಮೇಲೆ ನಿಂತಿತ್ತೆಂಬುದು ಕನ್ನಡವನ್ನು ಮುದ್ರಿಸಲು ಹೊರಟಾಗ ಬಯಲಾಗುತ್ತದೆ.

7. ಇಂದಿನ ಸರಿಯಾದ ಮಾರ್ಗ

ಇಂದು ಸಿ ಪ್ರೋಗ್ರಾಮಿನಿಂದ ಕನ್ನಡವನ್ನು ಮುದ್ರಿಸುವ ಕೆಲಸವನ್ನು ನಾಲ್ಕು ಹಂತಗಳಾಗಿ ವಿಂಗಡಿಸಬಹುದು.

ಮೊದಲನೆಯದು ಪಠ್ಯ. ಅದು ಯುನಿಕೋಡಿನಲ್ಲಿ, ಉಚ್ಚಾರದ ಕ್ರಮದಲ್ಲಿಯೇ ಇರಬೇಕು. ಮುದ್ರಣಕ್ಕೆಂದು ಅದನ್ನು ಬದಲಿಸಕೂಡದು.

ಎರಡನೆಯದು ಆಕಾರಜೋಡಣೆ. ಅಕ್ಷರಸಂಕೇತಗಳ ಸಾಲನ್ನು ತೆಗೆದುಕೊಂಡು, ಯಾವ ವ್ಯಂಜನ ಒತ್ತಾಗಬೇಕು, ಅರ್ಕಾವತ್ತು ಎಲ್ಲಿಗೆ ಸರಿಯಬೇಕು ಎಂದು ಫಾಂಟಿನೊಳಗಿನ ನಿಯಮಗಳನ್ನು ಓದಿ ನಿರ್ಧರಿಸುವ ಕೆಲಸ ಇದು. ಮುಕ್ತ ತಂತ್ರಾಂಶವಾದ ಹಾರ್ಫ್‌ಬಜ್ ಎಂಬ ಲೈಬ್ರರಿ ಇದನ್ನು ಮಾಡುತ್ತದೆ. ಪ್ರತಿ ಆಕಾರದ ಅಗಲವನ್ನೂ ಅದೇ ಹೇಳುತ್ತದೆ. ವಿಂಡೋಸ್‌ನಲ್ಲಿ 2000ದ ಆವೃತ್ತಿಯಿಂದ ಬಂದ ಯೂನಿಸ್ಕ್ರೈಬ್ ಇದೇ ಹೊಣೆಯನ್ನು ಹೊತ್ತಿತು.

ಮೂರನೆಯದು ಪುಟವಿನ್ಯಾಸ. ಅಂಕಣ ಎಲ್ಲಿ ಆರಂಭವಾಗಬೇಕೆಂಬುದನ್ನು ಖಾಲಿ ಸ್ಥಾನಗಳಿಂದ ಸಾಧಿಸದೆ ಅಳತೆಯಿಂದ ಹೇಳಬೇಕು: ಶೀರ್ಷಿಕೆ ಎಡ ಅಂಚಿನಲ್ಲಿ, ವರ್ಗಸಂಖ್ಯೆ ಅಲ್ಲಿಂದ 10 ಸೆಂಟಿಮೀಟರ್ ದೂರದಲ್ಲಿ. ಲಿನಕ್ಸ್‌ನಲ್ಲಿ ಪ್ಯಾಂಗೊ ಮತ್ತು ಕೈರೊ ಎಂಬ ಲೈಬ್ರರಿಗಳನ್ನು ಬಳಸಿದರೆ ಸಿ ಪ್ರೋಗ್ರಾಮು ಪುಟವನ್ನು ನೇರವಾಗಿ ಪಿಡಿಎಫ್ ಕಡತವಾಗಿ ಬರೆಯಬಲ್ಲದು. ವಿಂಡೋಸ್‌ನಲ್ಲಿ ಸ್ಟಾರ್ಟ್‌ಡಾಕ್, ಸ್ಟಾರ್ಟ್‌ಪೇಜ್, ಟೆಕ್ಸ್ಟ್‌ಔಟ್, ಎಂಡ್‌ಪೇಜ್, ಎಂಡ್‌ಡಾಕ್ ಎಂಬ ಕ್ರಮದಲ್ಲಿ ಪುಟವನ್ನು ಚಿತ್ರಿಸಬೇಕು. ಟೆಕ್ಸ್ಟ್‌ಔಟ್ ಫಂಕ್ಷನ್ನಿನ ವಿಶಾಲಾಕ್ಷರ ರೂಪವನ್ನೇ ಬಳಸಬೇಕು.

ನಾಲ್ಕನೆಯದು ರವಾನೆ. 1999ರಲ್ಲಿ ಬಂದ ಕಪ್ಸ್ ಎಂಬ ಮುದ್ರಣ ವ್ಯವಸ್ಥೆ ಇಂದು ಲಿನಕ್ಸ್ ಮತ್ತು ಮ್ಯಾಕ್ ಗಣಕಗಳಲ್ಲಿ ಈ ಕೆಲಸವನ್ನು ನೋಡಿಕೊಳ್ಳುತ್ತದೆ. ಸಿದ್ಧವಾದ ಪಿಡಿಎಫ್ ಕಡತವನ್ನು ಎಲ್‌ಪಿ ಆಜ್ಞೆಗೆ ಒಪ್ಪಿಸಿದರೆ ಸಾಕು. ಅಕ್ಷರದ ಆಕಾರಗಳು ಕಡತದೊಳಗೇ ಅಡಕವಾಗಿರುವುದರಿಂದ ಪ್ರಿಂಟರಿಗೆ ಕನ್ನಡ ಗೊತ್ತಿರಬೇಕಾದ ಅಗತ್ಯವಿಲ್ಲ. ಸಾದಾ ಕನ್ನಡ ಪಠ್ಯವನ್ನೇ ಎಲ್‌ಪಿಆರ್‌ಗೆ ಸುರಿದು ಒಳ್ಳೆಯದಾಗಲೆಂದು ಆಶಿಸುವುದು ಮಾತ್ರ ಭರವಸೆಯ ಮಾರ್ಗವಲ್ಲ.

ಮೊದಲ ಹಂತಕ್ಕೂ ನಾಲ್ಕನೆಯದಕ್ಕೂ ಸಿ ಭಾಷೆಯ ಹಳೆಯ ಸ್ಟ್ರೀಮ್ ಕಲ್ಪನೆಯೇ ಸಾಕು. ಕನ್ನಡಕ್ಕೆ ವಿಶೇಷವಾಗಿ ಬೇಕಾದದ್ದು ನಡುವಿನ ಎರಡು ಹಂತಗಳು. ಹಿಂದೆ ಪ್ರಿಂಟರಿನ ಸ್ಮೃತಿಯಲ್ಲಿದ್ದ ಹೊಣೆ, ಪ್ರೋಗ್ರಾಮರನ ಹೆಗಲನ್ನು ಹಾದು, ಈಗ ಎಲ್ಲರೂ ಹಂಚಿಕೊಳ್ಳುವ ಲೈಬ್ರರಿಗಳಲ್ಲಿ ಬಂದು ನಿಂತಿದೆ.

8. ‘ಮುದ್ರಣವಾಯಿತು’ ಎಂಬುದರ ಅರ್ಥ

ಪ್ರೋಗ್ರಾಮು ‘ಮುದ್ರಣ ಮುಗಿಯಿತು’ ಎಂದು ತೋರಿಸಿದಾಗ ನಿಜವಾಗಿ ಮುಗಿದಿರುವುದು ಏನು? ಎಫ್‌ಪ್ರಿಂಟ್‌ಎಫ್ ಯಶಸ್ವಿಯಾಯಿತೆಂದರೆ ಬೈಟುಗಳು ಬಹುಶಃ ಪ್ರೋಗ್ರಾಮಿನದೇ ತಾತ್ಕಾಲಿಕ ಸಂಗ್ರಹದಲ್ಲಿ ಕುಳಿತಿವೆ ಎಂದಷ್ಟೇ. ಎಫ್‌ಫ್ಲಷ್ ಅಥವಾ ಎಫ್‌ಕ್ಲೋಸ್ ಯಶಸ್ವಿಯಾದರೆ ಅವು ಕಾರ್ಯಾಚರಣಾ ವ್ಯವಸ್ಥೆಯನ್ನು ತಲಪಿವೆ. ಪಿಕ್ಲೋಸ್ ಸೊನ್ನೆಯನ್ನು ಹಿಂದಿರುಗಿಸಿದರೆ ಸ್ಪೂಲರು ಕೆಲಸವನ್ನು ಸ್ವೀಕರಿಸಿದೆ. ಕಾಗದ ಮುಗಿದಿರುವುದು, ಶಾಯಿ ಮಾಸಿರುವುದು, ಹಾಳೆ ಸಿಕ್ಕಿಕೊಂಡಿರುವುದು ಇವೆಲ್ಲ ಇದರಾಚೆಯ ಸಂಗತಿಗಳು. ಡಾಸ್‌ನ ಕಾಲದಲ್ಲಿ ಯಂತ್ರವನ್ನೇ ನೇರವಾಗಿ ಕೇಳುತ್ತಿದ್ದ ಪ್ರೋಗ್ರಾಮು ಇಂದು ಸ್ಪೂಲರಿನ ಮಾತನ್ನು ನಂಬಬೇಕಾಗಿದೆ. ಆದ್ದರಿಂದ ರಸೀದಿ, ಅಂಕಪಟ್ಟಿ, ಪಹಣಿ ಮೊದಲಾದ ಕಾನೂನು ಬೆಲೆಯುಳ್ಳ ಪತ್ರಗಳನ್ನು ಮುದ್ರಿಸುವ ತಂತ್ರಾಂಶಗಳು, ಪುಟ ಕೈಗೆ ಬಂದುದನ್ನು ಸಿಬ್ಬಂದಿಯಿಂದ ಖಚಿತಪಡಿಸಿಕೊಂಡ ಮೇಲೆಯೇ ಆ ಕ್ರಮಸಂಖ್ಯೆಯನ್ನು ಬಳಕೆಯಾದುದೆಂದು ಗುರುತಿಸುವುದು ಕ್ಷೇಮ.

ಪಹಣಿಯ ಮಾತು ಇಲ್ಲಿ ಅಪ್ರಸ್ತುತವಲ್ಲ. ಕರ್ನಾಟಕ ಸರ್ಕಾರದ ಭೂಮಿ ಯೋಜನೆಯಲ್ಲಿ ಸುಮಾರು 2 ಕೋಟಿ ಭೂದಾಖಲೆಗಳು ಗಣಕಕ್ಕೆ ಏರಿದವು. ತಾಲ್ಲೂಕು ಕಚೇರಿಯ ಕೇಂದ್ರಗಳಲ್ಲಿ ಅಂದು 15 ರೂಪಾಯಿಗೆ ಮುದ್ರಿತ ಪ್ರತಿ ದೊರೆಯುವಂತಾಯಿತು. ಕೈಬರಹದ ಪ್ರತಿಗೆ ಮಾನ್ಯತೆ ತಪ್ಪಿದ ಮೇಲೆ ರೈತನ ಹೆಸರು ಪ್ರಿಂಟರಿನಿಂದ ಹೇಗೆ ಬಂದಿತೋ ಹಾಗೆಯೇ ದಾಖಲೆ. ಅಲ್ಲಿ ಒಂದು ಒತ್ತು ಜಾರಿದರೂ ಅದು ಸೌಂದರ್ಯದ ಪ್ರಶ್ನೆಯಾಗಿ ಉಳಿಯುವುದಿಲ್ಲ, ಹಕ್ಕಿನ ಪ್ರಶ್ನೆಯಾಗುತ್ತದೆ.

9. ಗ್ರಂಥಾಲಯಗಳು ಗಮನಿಸಬೇಕಾದುದು

ಮುದ್ರಣವು ಅಕ್ಷರದಿಂದ ಆಕಾರದ ಕಡೆಗೆ ಒಮ್ಮುಖವಾಗಿ ಸಾಗುವ ಪ್ರಯಾಣ. ಪಿಡಿಎಫ್ ಕಡತವೂ ಮೂಲತಃ ಮುದ್ರಿತ ಪುಟವೇ. ಕಣ್ಣಿಗೆ ನಿರ್ದುಷ್ಟವಾಗಿ ಕಂಡರೂ ಒಳಗೆ ಆಕಾರಗಳಷ್ಟೇ ಇದ್ದು, ಅವುಗಳಿಂದ ಅಕ್ಷರಗಳಿಗೆ ಮರಳುವ ಕೋಷ್ಟಕ ಇಲ್ಲದಿರಬಹುದು ಅಥವಾ ತಪ್ಪಾಗಿರಬಹುದು. ಇದನ್ನು ಪರೀಕ್ಷಿಸಲು ಸುಲಭವಾದ ವಿಧಾನವೊಂದಿದೆ: ಅರ್ಕಾವತ್ತು ಮತ್ತು ಎರಡು ಒತ್ತುಗಳುಳ್ಳ ಕೆಲವು ಪದಗಳನ್ನು ಕಡತದಿಂದ ನಕಲು ಮಾಡಿ ಸಾದಾ ಪಠ್ಯದಲ್ಲಿ ಅಂಟಿಸಿ ನೋಡುವುದು. ‘ಕರ್ನಾಟಕ’ ಹಾಗೆಯೇ ಬಂದರೆ ಕಡತ ಹುಡುಕಲು ಯೋಗ್ಯ. ‘ಕನಾರ್ಟಕ’ ಬಂದರೆ ಅದು ಚಿತ್ರಕ್ಕಿಂತ ಹೆಚ್ಚೇನೂ ಅಲ್ಲ.

ಆದ್ದರಿಂದ ಕನ್ನಡ ಪುಸ್ತಕ, ಪ್ರಬಂಧ, ಸೂಚಿಗಳನ್ನು ಸಂಗ್ರಹಿಸುವ ಸಂಸ್ಥೆಗಳು ಮುದ್ರಣಕ್ಕೆ ಹೋದ ಪುಟದೊಂದಿಗೆ ಅದರ ಮೂಲ ಯುನಿಕೋಡ್ ಪಠ್ಯವನ್ನೂ ಕೇಳಿ ಪಡೆಯುವುದು ಅವಶ್ಯಕ. ಫಾಂಟ್ ಸಂಕೇತದ ಹಳೆಯ ಕಡತಗಳಿದ್ದಲ್ಲಿ, ಅವು ಯಾವ ಫಾಂಟಿನವು ಎಂಬುದನ್ನು ಬಲ್ಲವರು ಇರುವಾಗಲೇ ಆ ಹೆಸರನ್ನು ದಾಖಲಿಸಿ, ಫಾಂಟಿನ ಒಂದು ಪ್ರತಿಯನ್ನು ಜೊತೆಗಿಟ್ಟು, ಪರಿವರ್ತನೆಯ ಫಲಿತವನ್ನು ಮುದ್ರಿತ ಪ್ರತಿಯೊಡನೆ ಹೋಲಿಸಿ ತಿದ್ದಬೇಕು. ಫಾಂಟಿನ ಹೆಸರು ಮರೆತ ದಿನ ಕಡತವು ಗುಪ್ತಲಿಪಿಯಾಗುತ್ತದೆ.

10. ಉಪಸಂಹಾರ

ಒಂದು ಬೈಟನ್ನು ಪ್ರಿಂಟರಿಗೆ ಕಳುಹಿಸುವುದು ಸಿ ಭಾಷೆಯಲ್ಲಿ ಎಂದೂ ಕಷ್ಟವಾಗಿರಲಿಲ್ಲ. ಆ ಬೈಟಿಗೆ ಅಕ್ಷರವಾಗುವ ಹಕ್ಕನ್ನು ಕೊಡಿಸುವುದೇ ಕನ್ನಡದ ಪಾಲಿಗೆ ಕಠಿಣವಾದ ಕೆಲಸವಾಗಿತ್ತು. ಯಂತ್ರದ ಸ್ಮೃತಿಯಲ್ಲಿ ಸ್ಥಳ ದೊರೆಯದ ಭಾಷೆ ಮೊದಲು ಚಿತ್ರವಾಗಿ, ಅನಂತರ ಇಂಗ್ಲಿಷಿನ ವೇಷದಲ್ಲಿ ಕಾಗದವನ್ನು ಸೇರಿತು. ಈಗ ತನ್ನದೇ ಸಂಕೇತಗಳೊಡನೆ ಸೇರುತ್ತಿದೆ. ಸೂಜಿಗಳನ್ನೂ ಲಂಬಸಾಲುಗಳನ್ನೂ ಎಣಿಸಿ ಕನ್ನಡವನ್ನು ಕಾಗದಕ್ಕೆ ಇಳಿಸಿದ ಅಂದಿನ ಪ್ರೋಗ್ರಾಮರುಗಳ ಶ್ರಮ ಹಗುರವಾದುದಲ್ಲ. ಅವರು ಮುದ್ರಿಸಿದ ಪುಟಗಳು ಉಳಿದಿವೆ. ಅವುಗಳ ಹಿಂದಿನ ಪಠ್ಯವೂ ಉಳಿಯಬೇಕಾದರೆ ಪುಟಕ್ಕೂ ಪಠ್ಯಕ್ಕೂ ಇರುವ ಅಂತರವನ್ನು ನಾವು ಅರಿತಿರಬೇಕು. ಪ್ರಿಂಟರಿಗೆ ಆಕಾರವನ್ನು ಕೊಡೋಣ, ಭಂಡಾರಕ್ಕೆ ಅಕ್ಷರವನ್ನು ಕೊಡೋಣ.